ತಿಪಟೂರಿನಲ್ಲಿ ಅಮ್ಮ, ಎಸ್ಲಿಂಗನ್‌ನಲ್ಲಿ ಮಗಳು: ಜರ್ಮನಿಯಲ್ಲೇ ಉಳಿಯುವುದೋ, ಊರಿಗೆ ಮರಳುವುದೋ?

ನೆಕ್ಕರ್ ದಂಡೆಯವಳು, ಎಸ್ಲಿಂಗನ್

ಎಲ್ಲರಿಗೂ ನಮಸ್ಕಾರ. ಸಂಬಳದ ಲೆಕ್ಕ ಕೇಳಲು ಬರೆಯುತ್ತಿಲ್ಲ. ಆ ಲೆಕ್ಕವನ್ನು ನಾನೂ ನನ್ನ ಯಜಮಾನರೂ ಹತ್ತು ಸಲ ಹಾಕಿ ನೋಡಿದ್ದೇವೆ, ಅದರಿಂದ ನಿದ್ದೆಯೇನೂ ಬರಲಿಲ್ಲ.

ನಾವು ಜರ್ಮನಿಗೆ ಬಂದು ಒಂಬತ್ತು ವರ್ಷವಾಯಿತು. ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗನ್‌ನಲ್ಲಿ ಬಾಡಿಗೆ ಮನೆ, ಇಬ್ಬರಿಗೂ ಕೆಲಸ. ಮಗಳಿಗೆ ಆರು ತುಂಬಿದೆ, ಬರುವ ಸೆಪ್ಟೆಂಬರ್‌ಗೆ ಒಂದನೆಯ ತರಗತಿ. ತಿಪಟೂರಿನಲ್ಲಿ ಅಮ್ಮ ಒಬ್ಬರೇ ಇದ್ದಾರೆ. ಅಪ್ಪ ಹೋಗಿ ಒಂದೂವರೆ ವರ್ಷವಾಯಿತು. ಹೋದ ತಿಂಗಳು ಅಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದರು. ಎದುರು ಮನೆಯವರು ಸದ್ದು ಕೇಳಿ ಓಡಿಬಂದು ಎಬ್ಬಿಸಿದರಂತೆ. ಪುಣ್ಯಕ್ಕೆ ಮೂಳೆ ಮುರಿದಿಲ್ಲ. ನನಗೆ ವಿಷಯ ತಿಳಿದದ್ದು ಮೂರು ದಿನ ಕಳೆದ ಮೇಲೆ, ಅದೂ ಚಿಕ್ಕಮ್ಮನ ಬಾಯಿಂದ.

ಅದೇ ವಾರ ಇಲ್ಲಿ ಇನ್ನೊಂದು ನಡೆಯಿತು. ಮಗಳ ಕೀಟಾದವರು, ಎಂದರೆ ಶಿಶುವಿಹಾರದವರು, ಶಾಲೆಗೆ ಸೇರಲಿರುವ ಮಕ್ಕಳನ್ನು ರಸ್ತೆ ದಾಟಲು ಕಲಿಸುವುದಕ್ಕೆ ಬೀದಿಗೆ ಕರೆದುಕೊಂಡು ಹೋಗಿದ್ದರು. ನಾನೂ ಜೊತೆಗಿದ್ದೆ. ಒಬ್ಬ ಪೊಲೀಸ್ ಅಧಿಕಾರಿ ಬಂದು ಮಂಡಿಯೂರಿ ಕುಳಿತರು. ತಮ್ಮ ತಲೆಯನ್ನು ಮಗಳ ತಲೆಯ ಎತ್ತರಕ್ಕೆ ತಂದು, ನಿಂತಿದ್ದ ಕಾರೊಂದರ ಹಿಂದಿನಿಂದ ರಸ್ತೆಯನ್ನು ನೋಡಿದರು. "ಹೌದು, ಇಲ್ಲಿಂದ ನಿನಗೇನೂ ಕಾಣುವುದಿಲ್ಲ. ಆದ್ದರಿಂದ ಎರಡು ಹೆಜ್ಜೆ ಮುಂದೆ ಬಂದು ನಿಂತು ನೋಡಬೇಕು" ಎಂದರು. ಶಾಲೆ ಶುರುವಾದ ಕೆಲವು ವಾರಗಳಲ್ಲಿ ಇವಳು ಪಕ್ಕದ ಬೀದಿಯ ಇಬ್ಬರು ಮಕ್ಕಳೊಡನೆ ತಾನೇ ನಡೆದು ಹೋಗಬೇಕು. ಇಲ್ಲಿ ಅದೇ ರೂಢಿ. ಕತ್ತಲಿನಲ್ಲೂ ಕಾಣಿಸಲೆಂದು ಮಕ್ಕಳು ಹೊಳೆಯುವ ಪಟ್ಟಿಗಳ ತ್ರಿಕೋನವನ್ನು ಕೊರಳಿಗೆ ಹಾಕಿಕೊಂಡು ಹೋಗುತ್ತಾರೆ.

ಒಬ್ಬಳು ತಾನೇ ನಡೆದು ಹೋಗುವ ವಯಸ್ಸಿಗೆ ಬರುತ್ತಿದ್ದಾಳೆ, ಇನ್ನೊಬ್ಬರು ಅದನ್ನು ದಾಟುತ್ತಿದ್ದಾರೆ. ಯಾರ ಪಕ್ಕದಲ್ಲಿ ಇರಲಿ?

ಅಮ್ಮನನ್ನು ಇಲ್ಲಿಗೆ ಕರೆಸಿಕೊಳ್ಳಿ ಎಂದು ಹೇಳುವವರಿಗೆ ಮೊದಲೇ ತಿಳಿಸುತ್ತೇನೆ. ಪ್ರವಾಸಿ ವೀಸಾದಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಎರಡು ವರ್ಷದ ಹಿಂದೆ ಹಾಗೆ ಬಂದಿದ್ದರು. ಈಳಿಗೆಮಣೆ, ಒಂದು ಚೀಲ ಕೊಬ್ಬರಿ, ಎಲ್ಲವನ್ನೂ ತಂದಿದ್ದರು. ಮೂರನೆಯ ವಾರ ಕಿಟಕಿಯ ಬಳಿ ಕುಳಿತು, "ಎಲ್ಲ ಚೆನ್ನಾಗಿದೆ ಕಣೇ, ಆದರೆ ಇಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕೂಗುವುದಿಲ್ಲವಲ್ಲ" ಎಂದರು.

ಎರಡೂ ಕಡೆ ಬದುಕಿ ನೋಡಿದವರು ಬರೆಯಿರಿ. ಬಂಧುಗಳಲ್ಲಿ ಕೇಳಿದರೆ ಅರ್ಧ ಜನ ಬನ್ನಿ ಎನ್ನುತ್ತಾರೆ, ಉಳಿದರ್ಧ ಹುಚ್ಚೇ ಎನ್ನುತ್ತಾರೆ.


ಮರಳಿ ಬಂದವನು, ಬೆಂಗಳೂರು

ಮ್ಯೂನಿಕ್‌ನಲ್ಲಿ ಏಳು ವರ್ಷ ಇದ್ದು 2022ರಲ್ಲಿ ವಾಪಸು ಬಂದೆ. ನಿಮ್ಮ ಹಾಗೆಯೇ ತಂದೆ ತಾಯಿಗಾಗಿ ಬಂದವನು. ಪಶ್ಚಾತ್ತಾಪವಿಲ್ಲ, ಆದರೆ ಕಳೆದುಕೊಂಡದ್ದನ್ನೂ ಮುಚ್ಚಿಡುವುದಿಲ್ಲ.

ಮೊದಲು ಸಿಕ್ಕಿದ್ದು. ಬಂದ ಎರಡನೆಯ ವರ್ಷ ಒಂದು ರಾತ್ರಿ ಹನ್ನೊಂದಕ್ಕೆ ಅಪ್ಪನಿಗೆ ಎದೆನೋವು ಬಂತು. ಇಪ್ಪತ್ತು ನಿಮಿಷದಲ್ಲಿ ಆಸ್ಪತ್ರೆಯಲ್ಲಿದ್ದೆವು, ಬೆಳಗಾಗುವುದರೊಳಗೆ ಸ್ಟೆಂಟ್ ಹಾಕಿದ್ದರು. ಕಾರು ಓಡಿಸಿದ್ದು ನಾನು. ಆ ಇಪ್ಪತ್ತು ನಿಮಿಷಕ್ಕಾಗಿಯೇ ಬಂದೆ ಎಂದು ಈಗಲೂ ಅನ್ನಿಸುತ್ತದೆ. ತುರ್ತು ಚಿಕಿತ್ಸೆ ಜರ್ಮನಿಯಲ್ಲೂ ತಕ್ಷಣ ಸಿಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ತುರ್ತಲ್ಲದ್ದಕ್ಕೆ ಕಾಯಬೇಕು. ಚರ್ಮದ ವೈದ್ಯರೊಬ್ಬರ ಸಮಯ ಸಿಗಲು ನಾನು ಮೂರು ತಿಂಗಳು ಕಾದಿದ್ದೆ. ಇಲ್ಲಿ ಸಂಜೆ ಹೋದರೆ ಸಂಜೆಯೇ ನೋಡುತ್ತಾರೆ.

ಆದರೆ ಆ ರಾತ್ರಿ ಅಪ್ಪನನ್ನು ಒಳಗೆ ಕರೆದುಕೊಂಡು ಹೋಗುತ್ತಿದ್ದಂತೆಯೇ ನನ್ನನ್ನು ಕೌಂಟರಿಗೆ ಕಳಿಸಿದರು, ಮುಂಗಡ ಕಟ್ಟಲು. ಕಾರ್ಡು ಯಂತ್ರ ಎರಡು ಸಲ ಕೈಕೊಟ್ಟಿತು, ನನ್ನ ಕೈ ನಡುಗುತ್ತಿತ್ತು. ಮ್ಯೂನಿಕ್‌ನಲ್ಲಿ ಹೆಂಡತಿಗೆ ಶಸ್ತ್ರಚಿಕಿತ್ಸೆಯಾಗಿ ಆರು ದಿನ ಆಸ್ಪತ್ರೆಯಲ್ಲಿದ್ದಾಗ ನಾವು ಕೈಯಿಂದ ಕಟ್ಟಿದ್ದು 60 ಯುರೋ. ದಿನಕ್ಕೆ 10 ಯುರೋ, ಅದೂ ವರ್ಷಕ್ಕೆ ಹೆಚ್ಚೆಂದರೆ 28 ದಿನಕ್ಕೆ. ಉಳಿದದ್ದು ವಿಮೆಯದ್ದು. ಪ್ರತಿ ತಿಂಗಳೂ ಸಂಬಳದಲ್ಲಿ ಕಡಿತವಾಗುತ್ತಿದ್ದ ಹಣಕ್ಕೆ ಗೊಣಗುತ್ತಿದ್ದ ನಾನು ಅಂದಿನಿಂದ ಗೊಣಗಲಿಲ್ಲ.

ಇನ್ನು ಕಳೆದುಕೊಂಡದ್ದು. ನನ್ನ ಮಗನಿಗೆ ಒಂಬತ್ತು ವರ್ಷ. ಇಂದಿನವರೆಗೆ ಒಬ್ಬನೇ ರಸ್ತೆ ದಾಟಿಲ್ಲ. ಮನೆಯಿಂದ ಶಾಲೆಗೆ ಎರಡು ಕಿಲೋಮೀಟರ್, ಬಸ್ಸಿನಲ್ಲಿ ಸುತ್ತಿಕೊಂಡು ನಲವತ್ತು ನಿಮಿಷ. ಪಾದಚಾರಿ ಮಾರ್ಗ ಇದೆ, ಆದರೆ ಅದರ ಮೇಲೆ ಟ್ರಾನ್ಸ್‌ಫಾರ್ಮರ್ ಇದೆ, ಕಲ್ಲುಚಪ್ಪಡಿ ಎದ್ದಿದೆ, ಸ್ಕೂಟರ್ ಬರುತ್ತದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ ನಮ್ಮ ಅಪಾರ್ಟ್‌ಮೆಂಟಿಗೆ ಎರಡು ತಿಂಗಳು ಟ್ಯಾಂಕರ್ ನೀರೇ ಗತಿಯಾಗಿತ್ತು. ಮನೆಗೆಲಸಕ್ಕೆ, ಅಡುಗೆಗೆ ಜನ ಸಿಗುತ್ತಾರೆ, ಅದೊಂದು ದೊಡ್ಡ ಅನುಕೂಲ. ಹೆಂಡತಿ ಕೆಲಸ ಮುಂದುವರಿಸಿದ್ದು ಅದರಿಂದಲೇ.

ಕಾಗದಪತ್ರದ ವಿಷಯ ಹೇಳಿಬಿಡುತ್ತೇನೆ, ಎಷ್ಟೋ ಜನರಿಗೆ ತಿಳಿದಿರುವುದಿಲ್ಲ. ಅಲ್ಲಿ ಐದು ವರ್ಷ ಪಿಂಚಣಿ ವಂತಿಗೆ ಕಟ್ಟಿದ್ದರೆ ನಿವೃತ್ತಿ ವಯಸ್ಸಿನಲ್ಲಿ ಪಿಂಚಣಿಯ ಹಕ್ಕು ಇರುತ್ತದೆ, ಭಾರತದಲ್ಲಿದ್ದರೂ ಸಿಗುತ್ತದೆ. ಎರಡು ದೇಶಗಳ ಸಾಮಾಜಿಕ ಭದ್ರತೆ ಒಪ್ಪಂದ 2017ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಆತುರಪಟ್ಟು ಏನನ್ನೂ ರದ್ದು ಮಾಡಿಕೊಳ್ಳಬೇಡಿ. ಕಾಯಂ ವಾಸದ ಪರವಾನಗಿ ಮಾತ್ರ ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ರದ್ದಾಗುತ್ತದೆ. ಹೊರಡುವ ಮುಂಚೆ ಅಲ್ಲಿಯ ವಿದೇಶಿಯರ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಜರ್ಮನಿಯ ಪೌರತ್ವ ತೆಗೆದುಕೊಂಡರೆ ಆ ಭಯವಿಲ್ಲ, ಆದರೆ ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಭಾರತದ ನೀಲಿ ಪಾಸ್‌ಪೋರ್ಟ್ ಒಪ್ಪಿಸಿ, ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್ ಮಾಡಿಸಬೇಕು. ಅದನ್ನು ಒಪ್ಪಿಸಿದ ದಿನ ನನ್ನ ಸ್ನೇಹಿತನೊಬ್ಬ ಊಟ ಮಾಡಲಿಲ್ಲ.


ಉಡುಪಿಯ ದಾದಿ, ಉಲ್ಮ್

ನೆಕ್ಕರ್ ದಂಡೆಯ ಅಕ್ಕ, ನಿಮ್ಮ ಅಮ್ಮ ಹೇಳಿದ ಮಾತು ಓದಿ ಕೆಲಸದ ನಡುವೆ ಕಾರಿನಲ್ಲಿ ಕುಳಿತು ಬರೆಯುತ್ತಿದ್ದೇನೆ.

ನಾನು ಇಲ್ಲಿ ಮನೆಮನೆಗೆ ಹೋಗಿ ವೃದ್ಧರ ಶುಶ್ರೂಷೆ ಮಾಡುತ್ತೇನೆ. ಬೆಳಿಗ್ಗೆ ಆರಕ್ಕೆ ಚಿಕ್ಕ ಕಾರು ತೆಗೆದುಕೊಂಡು ಹೊರಟರೆ ಮಧ್ಯಾಹ್ನದೊಳಗೆ ಹದಿನಾಲ್ಕು ಮನೆ. ಒಬ್ಬರಿಗೆ ಇನ್ಸುಲಿನ್, ಒಬ್ಬರಿಗೆ ಸ್ನಾನ, ಒಬ್ಬರಿಗೆ ಮಾತ್ರೆ. ಎಂಟನೆಯ ಮನೆಯಲ್ಲಿ 88 ವರ್ಷದ ಅಜ್ಜಿ ಇದ್ದಾರೆ. ಅವರ ಕಾಲಿಗೆ ಬಿಗಿಯಾದ ಕಾಲುಚೀಲ ಹಾಕುವುದು ನನ್ನ ಕೆಲಸ. ಬೆರಳಿನಿಂದ ಹಿಮ್ಮಡಿಗೆ, ಹಿಮ್ಮಡಿಯಿಂದ ಮೊಣಕಾಲಿಗೆ, ಸುಕ್ಕಾಗದಂತೆ ಎಳೆಯಬೇಕು. ಐದಾರು ನಿಮಿಷದಲ್ಲಿ ಮುಗಿಸಿ ಹೊರಡಬೇಕು, ಅಷ್ಟಕ್ಕೇ ಹಣ ಬರುವುದು. ಮೇಜಿನ ಮೇಲೆ ದಿನವೂ ಎರಡು ಬಟ್ಟಲು ಇಟ್ಟಿರುತ್ತಾರೆ. ಒಂದರಲ್ಲಿ ಕಾಫಿ ಸುರಿದಿರುತ್ತದೆ, ಇನ್ನೊಂದು ನನಗೆ. ನಾಲ್ಕು ವರ್ಷದಲ್ಲಿ ಮೂರು ಸಲ ಕುಡಿದಿದ್ದೇನೆ.

ಆ ಅಜ್ಜಿಗೆ ಮಗ ಇದ್ದಾನೆ, ಹಾಂಬುರ್ಗ್‌ನಲ್ಲಿ. ಒಳ್ಳೆಯವನು, ಪ್ರತಿ ಭಾನುವಾರ ಫೋನ್ ಮಾಡುತ್ತಾನೆ. ಆದ್ದರಿಂದ ಇಲ್ಲಿಯ ಮಕ್ಕಳಿಗೆ ಹೆತ್ತವರ ಮೇಲೆ ಪ್ರೀತಿಯಿಲ್ಲ ಎಂದು ಊರಿನಲ್ಲಿ ಹೇಳುತ್ತಾರಲ್ಲ, ಅದು ಸುಳ್ಳು. ಅವರಿಗೂ ನಮ್ಮ ಹಾಗೆ ದೂರವೇ ಕಷ್ಟ. ಬಚ್ಚಲಿನಲ್ಲಿ ಬಿದ್ದರೆ ಅಜ್ಜಿಯ ಕೊರಳಿನಲ್ಲಿ ಒಂದು ಗುಂಡಿ ಇದೆ. ಒತ್ತಿದರೆ ಸಹಾಯಕ್ಕೆ ಜನ ಬರುತ್ತಾರೆ. ಬರುವುದು ಎದುರು ಮನೆಯವರಲ್ಲ, ಆದರೆ ಖಂಡಿತ ಬರುತ್ತಾರೆ.

ಇದೆಲ್ಲ ನಡೆಯುವುದು 1995ರಲ್ಲಿ ಶುರುವಾದ ಆರೈಕೆ ವಿಮೆಯಿಂದ. ಎಷ್ಟು ಆರೈಕೆ ಬೇಕು ಎಂಬುದನ್ನು ಮನೆಗೆ ಬಂದು ಪರೀಕ್ಷಿಸಿ ಒಂದರಿಂದ ಐದರವರೆಗೆ ದರ್ಜೆ ಕೊಡುತ್ತಾರೆ. ಮನೆಯವರೇ ನೋಡಿಕೊಂಡರೆ ಅದಕ್ಕೂ ಹಣವಿದೆ: ಎರಡನೆಯ ದರ್ಜೆಗೆ ತಿಂಗಳಿಗೆ 347 ಯುರೋ, ಐದನೆಯದಕ್ಕೆ 990. ಅದು ಸಾಲುತ್ತದೆ ಎಂದು ಹೇಳಲಾರೆ. ವೃದ್ಧಾಶ್ರಮಕ್ಕೆ ಸೇರಿದರೆ ವಿಮೆಯ ಪಾಲು ಕಳೆದ ಮೇಲೂ ಕೈಯಿಂದ ತಿಂಗಳಿಗೆ ಸುಮಾರು 3,000 ಯುರೋ ಬೀಳುತ್ತದೆ, ಎಷ್ಟೋ ಜನರ ಪಿಂಚಣಿ ಅದರ ಅರ್ಧವೂ ಇರುವುದಿಲ್ಲ. ಆದರೂ ಆ 347 ಯುರೋ ನೋಡಿದಾಗ ನನಗೆ ಉಡುಪಿಯಲ್ಲಿರುವ ಅತ್ತಿಗೆ ನೆನಪಾಗುತ್ತಾರೆ. ನನ್ನ ತಾಯಿಗೆ ಪಾರ್ಶ್ವವಾಯು ಆಗಿ ಆರು ವರ್ಷ. ಮಗ್ಗುಲು ಬದಲಿಸುವುದು, ಬಟ್ಟೆ ಬದಲಿಸುವುದು, ಎಲ್ಲ ಅತ್ತಿಗೆಯೇ. ಅವರು ಬಿ.ಎಡ್. ಮಾಡಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು, ಕೆಲಸ ಬಿಟ್ಟರು. ಊರಿನಲ್ಲಿ ವೃದ್ಧರನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎನ್ನುವಾಗ ಯಾರು ನೋಡಿಕೊಳ್ಳುತ್ತಾರೆ ಎಂದೂ ಹೇಳಬೇಕು. ನೀವು ಮರಳಿ ಹೋದರೆ ನಿಮ್ಮ ಮನೆಯಲ್ಲಿ ಕೆಲಸ ಬಿಡುವವರು ಯಾರು? ಅದನ್ನು ಈಗಲೇ ಯಜಮಾನರ ಜೊತೆ ಮಾತನಾಡಿಕೊಳ್ಳಿ.


ಗಾಲಿಯ ಮೇಲಿನವನು, ಧಾರವಾಡ

ಈ ಚರ್ಚೆಯಲ್ಲಿ ನನ್ನದೊಂದು ಪಾಲು ಇರಲಿ. ಹುಟ್ಟಿದಾಗಿನಿಂದ ನಡೆಯಲಾರೆ, ಗಾಲಿಕುರ್ಚಿಯಲ್ಲಿ ಓಡಾಡುತ್ತೇನೆ. ಕಾರ್ಲ್ಸ್‌ರೂಹೆಯಲ್ಲಿ ಎರಡು ವರ್ಷ ಓದಿದೆ.

ಮೊದಲ ದಿನ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಬಸ್ ಬಂದು ನನ್ನ ಕಡೆಗೆ ವಾಲಿ ಬಗ್ಗಿತು. ಚಾಲಕ ಇಳಿದು ಬಂದು, ಬಸ್ಸಿನ ನೆಲದಲ್ಲಿದ್ದ ಹಲಗೆಯನ್ನು ಕೊಕ್ಕೆಯಿಂದ ಎತ್ತಿ ಹೊರಕ್ಕೆ ಮಡಚಿದ. ನಾನು ಒಳಗೆ ಹೋದ ಮೇಲೆ ಮತ್ತೆ ಮಡಚಿ, ಎಲ್ಲಿ ಇಳಿಯುತ್ತೀರಿ ಎಂದು ಕೇಳಿ, ತನ್ನ ಜಾಗಕ್ಕೆ ಹೋದ. ಒಟ್ಟು ಒಂದು ನಿಮಿಷ. ಯಾರೂ ತಿರುಗಿ ನೋಡಲಿಲ್ಲ. ಅವತ್ತು ನನಗೆ ಇಪ್ಪತ್ತನಾಲ್ಕು ವರ್ಷ, ಜೀವನದಲ್ಲಿ ಮೊದಲ ಬಾರಿಗೆ ಯಾರನ್ನೂ ಜೊತೆಗೆ ಕರೆಯದೆ ಬಸ್ ಹತ್ತಿದ್ದೆ. ಎಲ್ಲಿಗೂ ಹೋಗಬೇಕಾಗಿರಲಿಲ್ಲ, ಆದರೂ ಕೊನೆಯ ನಿಲ್ದಾಣದವರೆಗೆ ಹೋಗಿ ಬಂದೆ.

ನಮ್ಮಲ್ಲಿ ಸಹಾಯಕ್ಕೆ ಬರ ಇಲ್ಲ. ತಾಲ್ಲೂಕು ಕಚೇರಿಯ ಮೆಟ್ಟಿಲ ಬಳಿ ನಿಂತರೆ ನಾಲ್ಕು ಜನ ಕುರ್ಚಿಸಮೇತ ಎತ್ತಿ ಮೇಲಿಡುತ್ತಾರೆ. ಅವರ ಕೈಗಳಿಗೆ ನಾನು ಋಣಿ. ಆದರೆ ಪ್ರತಿ ಸಲವೂ ಅವರನ್ನು ಕೇಳಬೇಕು, ಅವರು ಬರುವವರೆಗೆ ಕಾಯಬೇಕು, ಎಲ್ಲರ ಎದುರು ಗಾಳಿಯಲ್ಲಿ ತೂಗಬೇಕು. ಅಂಗವಿಕಲರ ಹಕ್ಕುಗಳ ಕಾಯ್ದೆ ನಮ್ಮಲ್ಲಿ 2016ರಲ್ಲೇ ಬಂದಿದೆ, ಇಳಿಜಾರು ಇರಬೇಕೆಂದು ನಿಯಮವಿದೆ. ಕಟ್ಟಿದ ಇಳಿಜಾರುಗಳು ಎಷ್ಟು ಕಡಿದಾಗಿವೆ ಎಂದರೆ ಕೆಲವು ಕಡೆ ಬೀಳದೆ ಇಳಿಯಲು ಸಾಧ್ಯವಿಲ್ಲ.

ಹಾಗಾದರೆ ಏಕೆ ಮರಳಿದೆ ಎಂದರೆ, ನನ್ನ ಕೆಲಸ ಕನ್ನಡದಲ್ಲಿ ಇದೆ. ಬೇರೆ ಕಾರಣವಿಲ್ಲ. ಪ್ರತಿ ಬೆಳಿಗ್ಗೆ ಆ ಹಲಗೆ ನೆನಪಾಗುತ್ತದೆ. ನಿಮ್ಮ ಅಮ್ಮನಿಗೂ ಇನ್ನು ಹತ್ತು ವರ್ಷದಲ್ಲಿ ಬೇಕಾಗುವುದು ಅಂಥದ್ದೇ, ಮೆಟ್ಟಿಲಿಲ್ಲದ ದಾರಿ.


ನಿವೃತ್ತ ಮೇಷ್ಟ್ರು, ಮೈಸೂರು

ಮಗಳೇ, ನಾನು ನಿನ್ನ ಅಮ್ಮನ ಸಾಲಿನವನು. ವಯಸ್ಸು 74. ಒಬ್ಬ ಮಗ ಬ್ರೆಮೆನ್‌ನಲ್ಲಿದ್ದಾನೆ. ಇಷ್ಟು ಹೊತ್ತು ಎಲ್ಲರೂ ನಿನ್ನ ಅಮ್ಮನ ಬಗ್ಗೆ ಬರೆದರು. ಅವರನ್ನೇ ಕೇಳಿದವರು ಯಾರು? ನನ್ನ ಮಗನೂ ಒಮ್ಮೆ ನನಗಾಗಿ ಎಲ್ಲ ಬಿಟ್ಟು ಬರುತ್ತೇನೆ ಎಂದ. ಆ ರಾತ್ರಿ ನನಗೂ ನನ್ನ ಹೆಂಡತಿಗೂ ನಿದ್ದೆಯಿಲ್ಲ. ಅವನು ಬಂದು, ಇಲ್ಲಿ ಹೊಂದಿಕೊಳ್ಳಲಾಗದೆ ಒದ್ದಾಡಿದರೆ, ಅದಕ್ಕೆ ನಾವು ಕಾರಣರಾಗುತ್ತೇವಲ್ಲ ಎಂಬ ಭಯ. ಬೇಡ ಎಂದೆವು. ಮನಸ್ಸಿನಿಂದಲೇ ಹೇಳಿದ ಮಾತು ಅದು.

ನಮ್ಮ ದಿನ ಹೀಗಿದೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡಿಗೆ, ಅಲ್ಲಿ ನಮ್ಮದೇ ಒಂದು ಕಲ್ಲುಬೆಂಚು. ಒಬ್ಬರು ಎರಡು ದಿನ ಬಾರದಿದ್ದರೆ ಮೂರನೆಯ ದಿನ ಅವರ ಮನೆಯ ಬಾಗಿಲು ತಟ್ಟುತ್ತೇವೆ. ಮಗನ ಮನೆಯಲ್ಲಿ ಎರಡು ಸಲ ಇದ್ದು ಬಂದೆ. ಗಾಳಿ ಶುದ್ಧ, ಬಸ್ಸು ಹೇಳಿದ ಹೊತ್ತಿಗೆ, ಗ್ರಂಥಾಲಯ ನೋಡಿ ಕಣ್ಣು ತುಂಬಿ ಬಂತು. ಆದರೆ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂಕಾಲಿಗೆಲ್ಲ ಕತ್ತಲಾದರೆ ಎದೆಯ ಮೇಲೆ ಕಲ್ಲಿಟ್ಟ ಹಾಗಾಗುತ್ತಿತ್ತು.

ಒಂದು ಮಾತು ಹೇಳದೆ ಇರಲಾರೆ. ನೀನಿರುವ ಎಸ್ಲಿಂಗನ್‌ನಲ್ಲೇ ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ತಂದವರು. ಅದೇ ನೆಕ್ಕರ್ ನದಿಯ ಮೇಲ್ಗಡೆ ಟ್ಯೂಬಿಂಗನ್‌ನಲ್ಲಿ 1903ರಲ್ಲಿ ಕಿಟ್ಟೆಲ್ ತೀರಿಕೊಂಡರು, ನಿಘಂಟು ಅಚ್ಚಾಗಿ ಒಂಬತ್ತು ವರ್ಷವಾಗಿತ್ತು. ಇಬ್ಬರೂ ಎಷ್ಟೋ ವರ್ಷಗಳನ್ನು ನಮ್ಮ ನಾಡಿನಲ್ಲಿ, ನಮ್ಮ ಭಾಷೆಯಲ್ಲಿ ಕಳೆದವರು. ಮೊಮ್ಮಗಳನ್ನು ಒಮ್ಮೆ ಟ್ಯೂಬಿಂಗನ್‌ಗೆ ಕರೆದುಕೊಂಡು ಹೋಗಿ ತೋರಿಸು.


ಲಗ್ಗೆರೆಯ ಹುಡುಗಿ, ಲೈಪ್‌ಝಿಗ್

ಮರಳಿ ಬಂದ ಅಣ್ಣ, ಮನೆಗೆಲಸಕ್ಕೆ ಜನ ಸಿಗುತ್ತಾರೆ, ದೊಡ್ಡ ಅನುಕೂಲ ಎಂದು ಬರೆದಿದ್ದೀರಿ. ಆ ಜನ ನನ್ನ ಅಮ್ಮ. ಬೇಸರಿಸಿಕೊಳ್ಳಬೇಡಿ, ಆದರೆ ಬರೆಯಲೇಬೇಕು.

ಅಮ್ಮ ಬೆಂಗಳೂರಿನಲ್ಲಿ ದಿನಕ್ಕೆ ಐದು ಮನೆ ಮಾಡುತ್ತಿದ್ದಳು. ಭಾನುವಾರವೂ ರಜೆಯಿಲ್ಲ. ಅವತ್ತೇ ಎಲ್ಲ ಮನೆಯಲ್ಲೂ ನೆಂಟರು, ಅವತ್ತೇ ಪಾತ್ರೆ ಹೆಚ್ಚು. ಜ್ವರ ಬಂದ ದಿನದ ಸಂಬಳ ಕಡಿತ. ಒಂದು ಮನೆಯಲ್ಲಿ ಅವಳಿಗೆ ಬೇರೆ ಲೋಟ ಇತ್ತು, ಕಿಟಕಿಯ ಮೇಲೆ. ಗರ್ಭಕೋಶದ ಶಸ್ತ್ರಚಿಕಿತ್ಸೆಗೆ ಮಾಡಿದ ಸಾಲ ತೀರಿಸಲು ನಾಲ್ಕು ವರ್ಷ ಹಿಡಿಯಿತು.

ನಾನು ಇಲ್ಲಿ ನರ್ಸಿಂಗ್ ತರಬೇತಿಯಲ್ಲಿದ್ದೇನೆ, ತರಬೇತಿಯಲ್ಲೇ ಸಂಬಳ ಬರುತ್ತದೆ. ನಮ್ಮ ಕಟ್ಟಡದ ಮೆಟ್ಟಿಲು ಒರೆಸಲು ಮಂಗಳವಾರ ಒಬ್ಬರು ಬರುತ್ತಾರೆ. ಕಾನೂನಿನ ಕನಿಷ್ಠ ಕೂಲಿ 2026ರ ಜನವರಿಯಿಂದ ಗಂಟೆಗೆ 13.90 ಯುರೋ. ಅವರ ಬಳಿ ಇರುವುದೂ ನನ್ನ ಬಳಿ ಇರುವಂಥದ್ದೇ ವಿಮೆ ಕಾರ್ಡು. ಕಾಯಿಲೆ ಬಿದ್ದರೆ ಆರು ವಾರದವರೆಗೆ ಪೂರ್ತಿ ಸಂಬಳ. ಆಗಸ್ಟ್‌ನಲ್ಲಿ ಅವರು ಎರಡು ವಾರ ಸಮುದ್ರಕ್ಕೆ ಹೋಗಿಬಂದು ಚರ್ಮ ಕೆಂಪಾಗಿದೆ ಎಂದು ತೋರಿಸಿದರು. ಅಮ್ಮ ಸಮುದ್ರ ನೋಡಿಲ್ಲ.

ಇಲ್ಲಿ ಎಲ್ಲವೂ ಹೂವಿನ ಹಾಸಿಗೆಯಲ್ಲ. ಬಾಡಿಗೆ ಮನೆಗೆ ನಲವತ್ತು ಅರ್ಜಿ ಹಾಕಿದೆ, ಹೆಸರು ನೋಡಿಯೇ ಉತ್ತರ ಬರುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ. ವಲಸಿಗರನ್ನು ವಿರೋಧಿಸುವ ಪಕ್ಷಕ್ಕೆ 2025ರ ಫೆಬ್ರುವರಿ ಚುನಾವಣೆಯಲ್ಲಿ ದೇಶದಲ್ಲಿ 20.8 ಶೇಕಡಾ ಮತ ಬಂತು, ನಾನಿರುವ ರಾಜ್ಯದಲ್ಲಿ ಇನ್ನೂ ಹೆಚ್ಚು. ಒಂದು ರಾತ್ರಿ ಟ್ರಾಮ್‌ನಲ್ಲಿ ಒಬ್ಬ ನನ್ನ ಮುಖಕ್ಕೆ ಬೆರಳು ತೋರಿಸಿ ಕೂಗಾಡಿದ. ಎದುರು ಕುಳಿತಿದ್ದ ಇಬ್ಬರು ಹೆಂಗಸರು ಎದ್ದು ಬಂದು ನನ್ನ ಎರಡೂ ಪಕ್ಕ ಕುಳಿತರು. ಅಂದಿನಿಂದ ತಡವಾದರೆ ಮುಂದಿನ ಡಬ್ಬಿಯಲ್ಲಿ, ಚಾಲಕನ ಹತ್ತಿರ ಕೂರುತ್ತೇನೆ.

ಎರಡು ದೇಶಗಳ ಬದುಕು ಹೋಲಿಸುವಾಗ ಯಾರ ಮನೆಯ ಬದುಕು ಎಂದು ಮೊದಲು ಹೇಳಿ, ಅಣ್ಣ. ಇಂಜಿನಿಯರ್ ಮನೆಗೆ ಎರಡೂ ದೇಶದಲ್ಲಿ ಊಟ ಇದೆ.


ಮರಳಿ ಬಂದವನು, ಬೆಂಗಳೂರು

ತಂಗಿ, ನೀನು ಬರೆದದ್ದನ್ನು ಹೆಂಡತಿಗೂ ಓದಿ ಹೇಳಿದೆ. ನಮ್ಮ ಮನೆಗೆ ಬರುವವರಿಗೆ ವಾರಕ್ಕೊಂದು ರಜೆ ಇಲ್ಲ ಎಂಬುದು ನಮಗಿಬ್ಬರಿಗೂ ಆಗಲೇ ಹೊಳೆದದ್ದು. ನನಗೆ ಅಲ್ಲಿ ವರ್ಷಕ್ಕೆ 30 ದಿನ ರಜೆ ಇತ್ತು. ಇನ್ನು ಮುಂದೆ ಪ್ರತಿ ಭಾನುವಾರ ಅವರಿಗೆ ರಜೆ, ಸಂಬಳ ಅಷ್ಟೇ ಇರುತ್ತದೆ. ಜ್ವರದ ದಿನಕ್ಕೂ ಕಡಿತವಿಲ್ಲ.


ನೆಕ್ಕರ್ ದಂಡೆಯವಳು, ಎಸ್ಲಿಂಗನ್

ಎಲ್ಲರ ಬರಹವನ್ನೂ ಎರಡೆರಡು ಸಲ ಓದಿದೆ. ಮೇಷ್ಟ್ರೇ, ನಿಮ್ಮ ಮಾತಿನಂತೆ ನಿನ್ನೆ ಅಮ್ಮನನ್ನೇ ಕೇಳಿದೆ. ಒಂಬತ್ತು ವರ್ಷದಲ್ಲಿ ನೇರವಾಗಿ ಕೇಳಿದ್ದು ಇದೇ ಮೊದಲು.

"ನೀವು ಬಂದರೆ ಎಲ್ಲಿಗೆ ಬರುತ್ತೀರಿ?" ಎಂದರು. ಬೆಂಗಳೂರು, ಕೆಲಸ ಅಲ್ಲೇ ಅಲ್ಲವೇ ಎಂದೆ. "ಹಾಗಾದರೆ ನನಗೇನು ಬಂತು? ಬೆಂಗಳೂರಿನಿಂದಲೂ ಹಬ್ಬಕ್ಕೆ ತಾನೇ ಬರುವುದು. ನಾನಂತೂ ಬೆಂಗಳೂರಿಗೆ ಬರುವವಳಲ್ಲ. ಈ ಮನೆ, ಈ ತೋಟ ಬಿಟ್ಟು ಆ ಗೂಡಿನಲ್ಲಿ ನಾನು ಇರಲಾರೆ." ನಾನು ಇಷ್ಟು ದಿನ ಎಸ್ಲಿಂಗನ್ ಮತ್ತು ಬೆಂಗಳೂರನ್ನು ತಕ್ಕಡಿಗೆ ಹಾಕಿ ತೂಗುತ್ತಿದ್ದೆ. ಅಮ್ಮ ಇರುವುದು ತಿಪಟೂರಿನಲ್ಲಿ.

ಮತ್ತೆ ಏನು ಬೇಕಮ್ಮ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ರಾತ್ರಿ ಮನೆಯಲ್ಲಿ ಇನ್ನೊಂದು ಜೀವದ ಸದ್ದು ಬೇಕು ಎಂದರು. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಏನಾದರೂ ಬೇಕು. ನೀನು ದಿನಾ ಹತ್ತು ನಿಮಿಷ ಫೋನ್ ಮಾಡುವ ಬದಲು ವರ್ಷಕ್ಕೆ ಒಂದು ಸಲ ಬಂದು ಎರಡು ತಿಂಗಳು ಇರು ಎಂದರು.

ಸದ್ಯಕ್ಕೆ ಇಲ್ಲೇ ಉಳಿಯುತ್ತೇವೆ. ನನ್ನ ಮೇಲಧಿಕಾರಿಯ ಹತ್ತಿರ ಇವತ್ತು ಮಾತನಾಡಿದೆ. ರಜೆಯ ಜೊತೆಗೆ ಸಂಬಳವಿಲ್ಲದ ನಾಲ್ಕು ವಾರ ಸೇರಿಸಿಕೊಳ್ಳಲು ಒಪ್ಪಿದ್ದಾರೆ. ಶಾಲೆ ತಪ್ಪಿಸುವಂತಿಲ್ಲ, ಇಲ್ಲಿ ಅದು ಬಲು ಕಟ್ಟುನಿಟ್ಟು. ಆದ್ದರಿಂದ ಈ ವರ್ಷ ಶಾಲೆ ಶುರುವಾಗುವ ಮೊದಲೇ, ಜುಲೈ ಮತ್ತು ಆಗಸ್ಟ್‌ನಲ್ಲಿ ಮಗಳನ್ನೂ ಕರೆದುಕೊಂಡು ಹೋಗುತ್ತೇನೆ. ದಾದಿ ತಂಗಿ, ನಿಮ್ಮ ಪ್ರಶ್ನೆಗೆ ನಮ್ಮ ಮನೆಯಲ್ಲಿ ಇನ್ನೂ ಉತ್ತರ ಸಿಕ್ಕಿಲ್ಲ. ಯಜಮಾನರು ನೆಲ ನೋಡುತ್ತ ಕುಳಿತರು. ಆ ಮಾತು ಇನ್ನೂ ಬಾಕಿ ಇದೆ.

ತಿಪಟೂರು ಕಡೆಯವರು ಯಾರಾದರೂ ಇದ್ದರೆ ಎರಡು ವಿಷಯ ಬೇಕಾಗಿದೆ. ಮನೆಯ ಮುಂದಿನ ಎರಡು ಕೋಣೆಗೆ ಬೇರೆ ಬಾಗಿಲಿದೆ. ಕಾಲೇಜಿಗೆ ಹೋಗುವ ಹುಡುಗಿಯರಿಗೋ, ಶಾಲೆಯಲ್ಲಿ ಪಾಠ ಹೇಳುವ ದಂಪತಿಗೋ ಕಡಿಮೆ ಬಾಡಿಗೆಗೆ ಕೊಡುತ್ತೇವೆ, ರಾತ್ರಿ ಮನೆಯಲ್ಲಿದ್ದರೆ ಸಾಕು. ಇನ್ನೊಂದು, ಬಚ್ಚಲಿನ ಗೋಡೆಗೆ ಸ್ಟೀಲ್ ಹಿಡಿಕೆ ಕೂರಿಸುವ ಗಾರೆಯವರು ಬೇಕು. ಹಳೆಯ ಮಣ್ಣಿನ ಗೋಡೆ, ಸುಮ್ಮನೆ ಮೊಳೆ ಹೊಡೆದರೆ ಕಿತ್ತು ಬರುತ್ತದೆ, ಹಿಡಿಕೆ ಕೂರುವ ಜಾಗದಲ್ಲಿ ಕಾಂಕ್ರೀಟ್ ತುಂಬಿ ಕೂರಿಸಬೇಕಂತೆ. ಆ ಕೆಲಸ ಬಲ್ಲವರು ಇದ್ದರೆ ತಿಳಿಸಿ.